ಮೊನ್ನೆಯ ಮಳೆಗೆ ಇವತ್ತು ನೋಟಿಫಿಕೇಶನ್: ವೆಬ್ ಪುಶ್ ಪೇಲೋಡ್ ಕಟ್ಟುವುದು ಹೇಗೆ

ಜನವರಿ ತಿಂಗಳ ಒಂದು ಸಂಜೆ ಮೂಡಿಗೆರೆ ಕಡೆ ಅಕಾಲ ಮಳೆ ಬಂತು. ಕಾಫಿ ಕೊಯ್ಲಿನ ಕಾಲ, ಎಲ್ಲರ ಕಣದಲ್ಲೂ ಹಣ್ಣು ಹರಡಿತ್ತು. ನಾನು ಮತ್ತು ಇಬ್ಬರು ಗೆಳೆಯರು ಚಿಕ್ಕಮಗಳೂರಿನಲ್ಲಿ ಕೂತು ತೋಟದವರಿಗಾಗಿ ಒಂದು ಸಣ್ಣ ವೆಬ್ ಆ್ಯಪ್ ನಡೆಸುತ್ತೇವೆ. ತೋಟದವರದ್ದೇ ಒಂದು ಫೇಸ್‌ಬುಕ್ ಅಂದುಕೊಳ್ಳಿ: ಫೋಟೋ, ಕಾಮೆಂಟ್, ಗುಂಪು, ಮೆಸೇಜ್, ಜೊತೆಗೆ ಅವತ್ತವತ್ತಿನ ಮಳೆ ಲೆಕ್ಕ. ಯಾರಾದರೂ "ಮಳೆ ಶುರು" ಅಂತ ಹಾಕಿದರೆ ಅಕ್ಕಪಕ್ಕದ ತೋಟದವರ ಫೋನಿಗೆ ಕೂಡಲೇ ನೋಟಿಫಿಕೇಶನ್ ಹೋಗುತ್ತದೆ. ಅವತ್ತೂ ಹೋಯಿತು.

ಆದರೆ ನಮ್ಮ ಮಾವನ ತೋಟ ಇರುವುದು ಕಣಿವೆಯಲ್ಲಿ. ಗಾಳಿಗೆ ಮರ ಬಿದ್ದು ಕರೆಂಟ್ ಹೋಗಿತ್ತು, ಸ್ವಲ್ಪ ಹೊತ್ತಿಗೆ ಟವರ್ ಕೂಡ ಸತ್ತಿತ್ತು. ಮೂರನೇ ದಿನ ನೆಟ್‌ವರ್ಕ್ ಬಂದಾಗ ಬಿಸಿಲು ಚುರುಗುಡುತ್ತಿತ್ತು, ಆಗ ಫೋನ್ ಗುಂಯ್ ಅಂದಿದೆ: "ಈಗಷ್ಟೇ ನಿಮ್ಮ ಹತ್ತಿರ ಮಳೆ ಶುರುವಾಗಿದೆ, ಕಣ ಮುಚ್ಚಿ!" ಮಾವ ಪಾಪ ನಂಬಿ, ಆಳುಗಳನ್ನು ಕೂಗಿ ಕರೆದು, ಇಡೀ ಕಣಕ್ಕೆ ಟಾರ್ಪಾಲ್ ಎಳೆಸಿದರು. ಆಮೇಲೆ ಫೋನ್ ಮಾಡಿದರು. "ಏನ್ ಮಾರಾಯ, ನಿನ್ನ ಆ್ಯಪು ಮೊನ್ನೆ ಮಳೆಗೆ ಇವತ್ತು ಕಣ ಮುಚ್ಚು ಅಂತದೆ!"

ತಪ್ಪು ಪೂರ್ತಿ ನನ್ನದೇ. ಪೇಲೋಡ್, ಅಂದರೆ ನೋಟಿಫಿಕೇಶನ್‌ಗಾಗಿ ಸರ್ವರ್ ಕಟ್ಟಿ ಕಳಿಸುವ ಮಾಹಿತಿ, ಕಳಿಸಿದ ಕ್ಷಣದಲ್ಲೇ ಓದುವ ಮಾತು ಅಂದುಕೊಂಡು ಬರೆದಿದ್ದೆ. ಅದು ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಕಳಿಸುವ ಚೀಟಿ ಇದ್ದ ಹಾಗೆ. ಬಸ್ಸು ಕೊಟ್ಟಿಗೆಹಾರದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೋ ಯಾರಿಗೆ ಗೊತ್ತು? ತಡವಾಗಿ ಓದಿದರೂ ಅರ್ಥ ಕೆಡದ ಹಾಗೆ ಚೀಟಿ ಬರೆಯಬೇಕು, ಇಲ್ಲದಿದ್ದರೆ ಅದು ದಾರಿಯಲ್ಲೇ ಹರಿದು ಹೋಗುವ ಹಾಗೆ ಏರ್ಪಾಟು ಮಾಡಬೇಕು. ಆ ಜನವರಿಯ ನಂತರ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದೆವು. ಕಟ್ಟಿದ ಕ್ರಮದಲ್ಲೇ ಹೇಳುತ್ತೇನೆ.

1. ಚೀಟಿ ಹೋಗುವ ದಾರಿ ನೋಡಿಕೊಳ್ಳಿ

ನಿಮ್ಮ ಸರ್ವರ್ ನೇರವಾಗಿ ಫೋನಿಗೆ ಏನನ್ನೂ ಕಳಿಸುವುದಿಲ್ಲ. ಬಳಕೆದಾರರು ಪರ್ಮಿಷನ್ ಕೊಟ್ಟಾಗ ಬ್ರೌಸರ್ ಒಂದು ಸಬ್‌ಸ್ಕ್ರಿಪ್ಷನ್ ಕೊಡುತ್ತದೆ. ಅದರಲ್ಲಿ ಒಂದು ಎಂಡ್‌ಪಾಯಿಂಟ್ ವಿಳಾಸ, ಎರಡು ಕೀ ಇರುತ್ತವೆ. ಆ ವಿಳಾಸ ಬ್ರೌಸರ್ ಕಂಪನಿಯ ಪುಶ್ ಸರ್ವೀಸ್‌ನದು: ಕ್ರೋಮ್ ಆದರೆ ಗೂಗಲ್‌ನದು, ಫೈರ್‌ಫಾಕ್ಸ್ ಆದರೆ ಮೊಜಿಲ್ಲಾದು, ಸಫಾರಿ ಆದರೆ ಆ್ಯಪಲ್‌ನದು. ನೀವು ಪೇಲೋಡನ್ನು ಆ ಕೀಗಳಿಂದ ಎನ್‌ಕ್ರಿಪ್ಟ್ ಮಾಡಿ ಅಲ್ಲಿಗೆ ಕಳಿಸುತ್ತೀರಿ, ಅವರು ಫೋನ್ ಸಿಕ್ಕಾಗ ತಲುಪಿಸುತ್ತಾರೆ, ಫೋನಿನಲ್ಲಿ ನಿಮ್ಮ ಸರ್ವೀಸ್ ವರ್ಕರ್ (ಸೈಟ್ ಮುಚ್ಚಿದ್ದರೂ ಬ್ರೌಸರ್ ಹಿನ್ನೆಲೆಯಲ್ಲಿ ಎಬ್ಬಿಸುವ ಸಣ್ಣ ಕೋಡ್) ಎದ್ದು ಓದುತ್ತದೆ. ಈ ವ್ಯವಸ್ಥೆಯ ನಿಯಮಗಳು ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳ ದಾಖಲೆ) 8030ರಲ್ಲಿವೆ, ಎನ್‌ಕ್ರಿಪ್ಷನ್‌ದು 8291ರಲ್ಲಿ, ಸರ್ವರ್ ಗುರುತು ಹೇಳುವ ವ್ಯಾಪಿಡ್ 8292ರಲ್ಲಿ. ಲೈಬ್ರರಿಗಳು ಇದನ್ನೆಲ್ಲ ನೋಡಿಕೊಳ್ಳುತ್ತವೆ, ಕೈಯಾರೆ ಬರೆಯಲು ಹೋಗಬೇಡಿ.

ಮಧ್ಯದಲ್ಲಿರುವ ಪುಶ್ ಸರ್ವೀಸ್‌ಗೆ ಒಳಗಿನ ಮಾತು ಓದಲು ಆಗುವುದಿಲ್ಲ. ಲಕೋಟೆಯ ಮೇಲಿನದ್ದು ಮಾತ್ರ ಕಾಣುತ್ತದೆ, ಅಂದರೆ ಹೆಡರ್‌ಗಳು ಮತ್ತು ಸೈಜು. ಇದು ನೆನಪಿರಲಿ, ಮುಂದೆ ಟಾಪಿಕ್ ಹೆಸರಿಡುವಾಗ ಬೇಕಾಗುತ್ತದೆ.

2. ಯಾವುದಕ್ಕೆ ಫೋನ್ ಗುಂಯ್ ಅನ್ನಬೇಕು?

ಪೇಲೋಡ್ ಬರೆಯುವ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಆ್ಯಪ್‌ನಲ್ಲಿ ನಡೆಯುವ ಘಟನೆಗಳನ್ನೆಲ್ಲ ಬರೆಯಿರಿ. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ: ಇದು ಎಷ್ಟು ಹೊತ್ತಿಗೆ ಹಳಸುತ್ತದೆ? ನಮ್ಮ ಹಾಳೆಯಲ್ಲಿ ಬಂದದ್ದು ಹೀಗೆ. ಮಳೆ ಸೂಚನೆ ಒಂದು ಗಂಟೆ. ನೇರ ಮೆಸೇಜ್ ಒಂದು ವಾರ. ಕಾಮೆಂಟ್ ಎರಡು ದಿನ. ಗುಂಪಿಗೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ ಒಂದು ವಾರ. ಲೈಕ್? ಲೈಕ್‌ಗೆ ಪುಶ್ಶೇ ಬೇಡ ಅಂತ ತೀರ್ಮಾನಿಸಿದೆವು, ಆ್ಯಪ್ ಒಳಗಿನ ಗಂಟೆ ಗುರುತಿನಲ್ಲಿ ಕಂಡರೆ ಸಾಕು. ಒಬ್ಬ ಗೆಳೆಯ ಒಪ್ಪಲಿಲ್ಲ, "ಜನ ವಾಪಸ್ ಬರೋದೇ ಲೈಕ್ ನೋಡೋಕೆ" ಅಂದ. ಇರಬಹುದು. ಆದರೆ ಲೈಕಿನ ಕಾಟಕ್ಕೆ ಪರ್ಮಿಷನ್ನನ್ನೇ ಬ್ಲಾಕ್ ಮಾಡಿಬಿಟ್ಟರೆ ಮಳೆ ಸೂಚನೆಯೂ ಅದರ ಜೊತೆ ಹೋಯಿತು. ಬ್ಲಾಕ್ ಆದದ್ದನ್ನು ಸೆಟ್ಟಿಂಗ್ಸ್‌ಗೆ ಹೋಗಿ ಅವರೇ ತೆಗೆಯಬೇಕು, ನೀವು ಮತ್ತೆ ಕೇಳುವ ಹಾಗೂ ಇಲ್ಲ.

3. ಸೈಜು: ಕನ್ನಡಕ್ಕೆ ಜಾಗ ಜಾಸ್ತಿ ಬೇಕು

ಪುಶ್ ಸರ್ವೀಸ್‌ಗಳು 4096 ಬೈಟ್‌ವರೆಗೆ ತೆಗೆದುಕೊಳ್ಳಲೇಬೇಕು ಅನ್ನುವುದು ನಿಯಮ. ಅದಕ್ಕಿಂತ ದೊಡ್ಡದನ್ನು 413 ಅನ್ನುವ ಎರರ್ ಕೋಡ್ ಹೇಳಿ ವಾಪಸ್ ಕಳಿಸಬಹುದು. ಎನ್‌ಕ್ರಿಪ್ಷನ್ನಿನ ಸಾಮಾನು 103 ಬೈಟ್ ತಿನ್ನುತ್ತದೆ, ನಿಮಗೆ ಉಳಿಯುವುದು 3993.

ಇಷ್ಟು ಸಾಕಷ್ಟಾಯಿತು ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕೋಣ. "ಚಿಕ್ಕಮಗಳೂರು" ಅನ್ನುವ ಪದ ನಮ್ಮ ಕಣ್ಣಿಗೆ ಆರು ಅಕ್ಷರ: ಚಿ, ಕ್ಕ, ಮ, ಗ, ಳೂ, ರು. ಯೂನಿಕೋಡ್‌ನಲ್ಲಿ ಗುಡಿಸು, ಕೊಂಬು, ವಿರಾಮ ಎಲ್ಲ ಬೇರೆ ಬೇರೆ ಲೆಕ್ಕ, ಹಾಗಾಗಿ 11 ಕೋಡ್‌ಪಾಯಿಂಟ್. ಅಕ್ಷರಗಳನ್ನು ಬೈಟ್ ಮಾಡಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೆ 3 ಬೈಟ್, ಒಟ್ಟು 33. ಅದೇ ಊರನ್ನು ಇಂಗ್ಲಿಷ್‌ನಲ್ಲಿ ಬರೆದರೆ 14 ಬೈಟ್ ಅಷ್ಟೇ.

ಇದಕ್ಕಿಂತ ದೊಡ್ಡ ಹೊಡೆತ ಬೀಳುವುದು ಪೇಲೋಡನ್ನು ಜೇಸನ್ (ಡೇಟಾ ಬರೆದು ಕಳಿಸುವ ಒಂದು ಪಠ್ಯ ರೂಪ) ಮಾಡುವಾಗ. ಪಿಎಚ್‌ಪಿ ಆಗಲಿ ಪೈಥಾನ್ ಆಗಲಿ, ಹೇಳದೆ ಬಿಟ್ಟರೆ ಕನ್ನಡದ ಪ್ರತಿ ಕೋಡ್‌ಪಾಯಿಂಟನ್ನು ಹಿಂಗೆರೆ (ಬ್ಯಾಕ್‌ಸ್ಲ್ಯಾಶ್), ಯು ಮತ್ತು ನಾಲ್ಕು ಅಂಕಿಗಳ ಸಂಕೇತವಾಗಿ ಬದಲಿಸುತ್ತವೆ. ಅಂದರೆ 3 ಬೈಟ್ ಇದ್ದದ್ದು 6. "ಚಿಕ್ಕಮಗಳೂರು" 33ರಿಂದ 66ಕ್ಕೆ ಹಾರುತ್ತದೆ. ಪೈಥಾನ್‌ನಲ್ಲಿ ಎನ್‌ಶೂರ್ ಆಸ್ಕಿ ಅನ್ನುವುದನ್ನು ಫಾಲ್ಸ್ ಮಾಡಿ, ಪಿಎಚ್‌ಪಿಯಲ್ಲಿ ಜೇಸನ್ ಅನ್‌ಎಸ್ಕೇಪ್ಡ್ ಯೂನಿಕೋಡ್ ಫ್ಲ್ಯಾಗ್ ಹಾಕಿ. ಜಾವಾಸ್ಕ್ರಿಪ್ಟ್‌ನಲ್ಲಿ ಈ ತೊಂದರೆ ಇಲ್ಲ.

ಇನ್ನು ಕತ್ತರಿಸುವುದು. ಉದ್ದದ ಕಾಮೆಂಟನ್ನು ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು. ಬೈಟ್ ಲೆಕ್ಕದಲ್ಲಿ ಕಡಿದರೆ ಕೊನೆಯಲ್ಲಿ ಕಪ್ಪು ವಜ್ರದೊಳಗಿನ ಪ್ರಶ್ನೆ ಚಿಹ್ನೆ ಬರುತ್ತದೆ. ಕೋಡ್‌ಪಾಯಿಂಟ್ ಲೆಕ್ಕದಲ್ಲಿ ಕಡಿದರೆ "ಅಮ್ಮ" ಹೋಗಿ "ಅಮ್" ಆಗುತ್ತದೆ. ಸುಮ್ನೆ ತಲೆ ಕೆಡಿಸಿಕೊಳ್ಳದೆ ಮಿತಿಗಿಂತ ಹಿಂದಿನ ಖಾಲಿ ಜಾಗಕ್ಕೆ ಹೋಗಿ, ಅಲ್ಲಿ ಕಡಿದು ಮೂರು ಚುಕ್ಕಿ ಇಡಿ. ನಾವು ಇಡೀ ಪೇಲೋಡ್ 2000 ಬೈಟ್ ದಾಟಬಾರದು ಅಂತ ನಾವೇ ಗೆರೆ ಎಳೆದುಕೊಂಡಿದ್ದೇವೆ. ದಾಟಿದರೆ ಟೆಸ್ಟ್ ಫೇಲ್ ಆಗುತ್ತದೆ.

4. ಒಳಗೆ ಏನಿರಬೇಕು

ಈಗ ನಾವು ಕಳಿಸುವ ಮಳೆ ಸೂಚನೆಯ ಪೇಲೋಡ್ ಹೀಗಿದೆ. ಇಲ್ಲಿ ಓದಲು ಅನುಕೂಲವಾಗಲಿ ಅಂತ ಫೀಲ್ಡ್ ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ನಿಮ್ಮ ಕೋಡ್‌ನಲ್ಲಿ ಚಿಕ್ಕ ಇಂಗ್ಲಿಷ್ ಹೆಸರೇ ಇರಲಿ.

ವರ್ಷನ್: 2
ಬಗೆ: ಮಳೆ
ಟ್ಯಾಗ್: ಮಳೆ-ಮೂಡಿಗೆರೆ
ಶೀರ್ಷಿಕೆ: ಮಳೆ ಶುರು – ಮೂಡಿಗೆರೆ ಕಡೆ
ವಿವರ: ಬುಧವಾರ ಸಂಜೆ 4:10. ಪಕ್ಕದ 3 ತೋಟದವರು ಹಾಕಿದ್ದಾರೆ
ದಾರಿ: /ಮಳೆ/ಮೂಡಿಗೆರೆ
ಹೊರಟದ್ದು: 1768387200000
ಗಡುವು: 1768390800000

ಒಂದೊಂದಾಗಿ ನೋಡಿ. ವರ್ಷನ್ ಯಾಕೆ ಅಂದರೆ, ಬಳಕೆದಾರರ ಫೋನಿನಲ್ಲಿ ನಿಮ್ಮ ಹಳೆಯ ಸರ್ವೀಸ್ ವರ್ಕರ್ ಇನ್ನೂ ಕೂತಿರಬಹುದು. ಅವರು ತಿಂಗಳಿಂದ ಸೈಟ್ ತೆರೆದಿಲ್ಲ ಅಂದರೆ ಹೊಸ ಕೋಡ್ ಹೋಗಿರದೆ ಇರಬಹುದು. ನೀವು ಫೀಲ್ಡ್ ಹೆಸರು ಬದಲಿಸಿದ ದಿನ ಅವರಿಗೆ ಖಾಲಿ ನೋಟಿಫಿಕೇಶನ್ ಬರುತ್ತದೆ. ಆದ್ದರಿಂದ ಫೀಲ್ಡ್ ಸೇರಿಸಿ, ಆದರೆ ಇರುವುದರ ಹೆಸರು, ಅರ್ಥ ಬದಲಿಸಬೇಡಿ.

ಇದೇ ಕಾರಣಕ್ಕೆ ಶೀರ್ಷಿಕೆ, ವಿವರ ಎರಡನ್ನೂ ಸರ್ವರ್‌ನಲ್ಲೇ ಪೂರ್ತಿ ತಯಾರು ಮಾಡಿ ಕಳಿಸಿ. "ಬರೀ ಐಡಿ ಕಳಿಸೋಣ, ಸರ್ವೀಸ್ ವರ್ಕರ್ ಎದ್ದಾಗ ಸರ್ವರ್‌ನಿಂದ ಉಳಿದದ್ದನ್ನು ತರಿಸಿಕೊಳ್ಳಲಿ" ಅನ್ನುವ ವಿಧಾನವೂ ಇದೆ. ಬೆಂಗಳೂರಿನ ಆಫೀಸ್ ವೈಫೈನಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಕೊಪ್ಪದ ತೋಟದಲ್ಲಿ, ಒಂದು ಕಡ್ಡಿ ಸಿಗ್ನಲ್ ಬಂದು ಹೋಗುವಲ್ಲಿ, ಪುಶ್ ಬರುತ್ತದೆ, ಹಿಂದೆಯೇ ಮಾಡಿದ ಫೆಚ್ ನೇತಾಡುತ್ತದೆ. ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ವಿವರದಲ್ಲಿ "ಈಗಷ್ಟೇ", "ಇವತ್ತು", "5 ನಿಮಿಷದ ಹಿಂದೆ" ಬೇಡವೇ ಬೇಡ. ನಮ್ಮ ಮಾವನಿಗೆ ಮೋಸ ಮಾಡಿದ್ದು ಆ "ಈಗಷ್ಟೇ". ವಾರ ಮತ್ತು ಗಂಟೆ ಬರೆದುಬಿಡಿ, ಯಾವಾಗ ಓದಿದರೂ ಸುಳ್ಳಾಗುವುದಿಲ್ಲ.

ದಾರಿ ಅಂದರೆ ಕ್ಲಿಕ್ ಮಾಡಿದಾಗ ತೆರೆಯುವ ಪುಟ. ಪೂರ್ತಿ ಯುಆರ್‌ಎಲ್ ಬೇಡ, ಡೊಮೇನ್ ನಂತರದ ಭಾಗ ಸಾಕು. ಬೈಟೂ ಉಳಿಯುತ್ತದೆ, ಸರ್ವರ್ ಕಡೆ ಏನಾದರೂ ಎಡವಟ್ಟಾಗಿ ಬೇರೆ ಸೈಟಿನ ಲಿಂಕ್ ನುಸುಳುವುದೂ ತಪ್ಪುತ್ತದೆ. ತೆರೆಯುವ ಮೊದಲು ಅದು ನಿಮ್ಮದೇ ಒರಿಜಿನ್ (ನಿಮ್ಮದೇ ಸೈಟಿನ ವಿಳಾಸ) ಹೌದೋ ಅಲ್ಲವೋ ಅಂತ ಸರ್ವೀಸ್ ವರ್ಕರ್‌ನಲ್ಲಿ ನೋಡಿಕೊಳ್ಳಿ. ಲಾಗಿನ್ ಟೋಕನ್ ಮಾತ್ರ ಲಿಂಕಿಗೆ ಅಂಟಿಸಬೇಡಿ.

ನೇರ ಮೆಸೇಜಿನ ಪೂರ್ತಿ ಮಾತನ್ನೂ ಹಾಕಬೇಡಿ. ದಾರಿಯಲ್ಲಿ ಎನ್‌ಕ್ರಿಪ್ಷನ್ ಇದೆ ನಿಜ, ಆದರೆ ಫೋನ್ ಇರುವುದು ಹಜಾರದ ಟೀಪಾಯಿ ಮೇಲೆ, ಸುತ್ತ ನಾಲ್ಕು ಜನ ಕಾಫಿ ಕುಡಿಯುತ್ತಾ ಕೂತಿರುತ್ತಾರೆ. "ಸಾಲದ ಕಂತು ಕಟ್ಟೋಕೆ ಆಗ್ಲಿಲ್ಲ ಕಣೋ" ಅನ್ನುವುದು ಲಾಕ್ ಸ್ಕ್ರೀನ್ ಮೇಲೆ ಬೀಳಬಾರದು. ಕಳಿಸಿದವರ ಹೆಸರು, "ಮೆಸೇಜ್ ಬಂದಿದೆ", ಅಷ್ಟು ಸಾಕು. ಬೇಕಾದವರಿಗೆ ಪೂರ್ತಿ ತೋರಿಸುವ ಆಯ್ಕೆ ಕೊಡಿ, ಆದರೆ ಮೊದಲಿಗೆ ಅದು ಆಫ್ ಇರಲಿ.

5. ಕನ್ನಡದ ವಾಕ್ಯ ಅಚ್ಚಿಗೆ ಬಗ್ಗುವುದಿಲ್ಲ

ಇಂಗ್ಲಿಷ್ ಟೆಂಪ್ಲೇಟನ್ನು ಹಾಗೇ ತಂದು ಊರ ಹೆಸರಿನ ಜಾಗಕ್ಕೆ "ಅಲ್ಲಿ" ಅಂಟಿಸಿದರೆ ಏನಾಗುತ್ತದೆ ಗೊತ್ತಾ? ಹಾಸನದಲ್ಲಿ, ಮೂಡಿಗೆರೆಯಲ್ಲಿ, ಬೇಲೂರಿನಲ್ಲಿ: ಮೂರು ಊರಿಗೆ ಮೂರು ರೀತಿ. ನಮ್ಮ ಮೊದಲ ವರ್ಷನ್ "ಬೇಲೂರುಅಲ್ಲಿ 60 ಸೆಂಟ್ಸ್ ಮಳೆ" ಅಂತ ಕಳಿಸಿತ್ತು, ತಿಂಗಳುಗಟ್ಟಲೆ ಎಲ್ಲರೂ ರೇಗಿಸಿದರು. (ಬಯಲುಸೀಮೆಯವರಿಗೆ: ಮಲೆನಾಡಿನಲ್ಲಿ ತೋಟದವರ ಮಳೆ ಲೆಕ್ಕ ಇಂಚು, ಸೆಂಟ್ಸ್‌ನಲ್ಲಿ. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು.) ವಿಭಕ್ತಿ ಅಂಟಿಸುವ ಗೋಜಿಗೇ ಹೋಗಬೇಡಿ. "ಬೇಲೂರು ಕಡೆ 60 ಸೆಂಟ್ಸ್" ಅನ್ನಿ, ಇಲ್ಲ "ಬೇಲೂರು: 60 ಸೆಂಟ್ಸ್" ಅನ್ನಿ. ಜನರ ಹೆಸರಿಗೂ ಅಷ್ಟೇ, ಹೆಸರಿನ ನಂತರ "ಅವರು", "ಅವರ", "ಅವರಿಗೆ" ಸೇರಿಸಿದರೆ ಹೆಣ್ಣೋ ಗಂಡೋ ಅನ್ನುವ ಪ್ರಶ್ನೆಯೂ ಬರುವುದಿಲ್ಲ, ಹಿರಿಯರಿಗೆ ಏಕವಚನ ಆಯಿತಲ್ಲ ಅನ್ನುವ ಮುಜುಗರವೂ ಇಲ್ಲ.

ಇನ್ನೊಂದು ವಿಷಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಫೋನ್ ಕತ್ತರಿಸುವುದೂ ಕೊನೆಯನ್ನೇ. "ನೀವು ಕಳೆದ ವಾರ ಹಾಕಿದ ರೋಬಸ್ಟಾ ಹೂವಿನ ಫೋಟೋಗೆ…" ಅಂತ ನಿಂತುಬಿಟ್ಟರೆ ಆಗಿದ್ದೇನು ಅಂತ ಗೊತ್ತೇ ಆಗುವುದಿಲ್ಲ. ಹಾಗಾಗಿ ಶೀರ್ಷಿಕೆಯಲ್ಲಿ ಆದದ್ದು ಮೊದಲು, "7 ಕಾಮೆಂಟ್ – ನಿಮ್ಮ ಹೂವಿನ ಫೋಟೋ". ವ್ಯಾಕರಣ ಮೇಷ್ಟ್ರು ಮುಖ ಸಿಂಡರಿಸಬಹುದು, ಪರವಾಗಿಲ್ಲ.

6. ಹಳಸುವ ಮೊದಲು ಹರಿಯಲಿ

ಇದೇ ಮುಖ್ಯ ಹೆಜ್ಜೆ. ಕಳಿಸುವಾಗ ಟಿಟಿಎಲ್ ಅಂತ ಒಂದು ಹೆಡರ್ ಇರುತ್ತದೆ: ಫೋನ್ ಸಿಗದಿದ್ದರೆ ಪುಶ್ ಸರ್ವೀಸ್ ಎಷ್ಟು ಸೆಕೆಂಡು ಇಟ್ಟುಕೊಳ್ಳಬೇಕು ಅನ್ನುವ ಲೆಕ್ಕ. ನೋಡ್‌ನಲ್ಲಿ (ಸರ್ವರ್ ಕಡೆಯ ಜಾವಾಸ್ಕ್ರಿಪ್ಟ್) ನಾನು ಬಳಸುತ್ತಿದ್ದ ವೆಬ್-ಪುಶ್ ಲೈಬ್ರರಿ, ನೀವು ಏನೂ ಹೇಳದಿದ್ದರೆ, ತಾನೇ 2419200 ಸೆಕೆಂಡು ಹಾಕುತ್ತದೆ. ಅಂದರೆ ನಾಲ್ಕು ವಾರ! ಪೈಥಾನ್‌ನ ಪೈವೆಬ್‌ಪುಶ್ ಅದಕ್ಕೆ ಪೂರ್ತಿ ಉಲ್ಟಾ, ಸೊನ್ನೆ ಹಾಕುತ್ತದೆ. ಸೊನ್ನೆ ಅಂದರೆ ಈ ಕ್ಷಣ ಫೋನ್ ಸಿಕ್ಕರೆ ಸರಿ, ಇಲ್ಲದಿದ್ದರೆ ಬಿಸಾಕು ಅಂತ. ಎರಡೂ ಸೋಶಿಯಲ್ ಆ್ಯಪ್‌ಗೆ ಆಗಿಬರುವುದಿಲ್ಲ. ಎರಡನೇ ಹೆಜ್ಜೆಯ ಹಾಳೆ ತೆಗೆಯಿರಿ, ಬಗೆಗೆ ತಕ್ಕ ಟಿಟಿಎಲ್ ಹಾಕಿ: ಮಳೆಗೆ 3600, ಕಾಮೆಂಟಿಗೆ 172800, ಮೆಸೇಜಿಗೆ 604800.

ಅರ್ಜೆನ್ಸಿ ಅನ್ನುವ ಇನ್ನೊಂದು ಹೆಡರ್ ಇದೆ: ವೆರಿ-ಲೋ, ಲೋ, ನಾರ್ಮಲ್, ಹೈ. ಬ್ಯಾಟರಿ ಉಳಿಸಲು ಮಲಗಿರುವ ಫೋನನ್ನು ಎಬ್ಬಿಸಬೇಕೋ ಬೇಡವೋ ಅನ್ನುವುದು ಇದರಿಂದ ತೀರ್ಮಾನವಾಗುತ್ತದೆ. ಮಳೆ, ಮೆಸೇಜ್ ಎರಡಕ್ಕೆ ಹೈ. ಎಲ್ಲಕ್ಕೂ ಹೈ ಹಾಕಿದರೆ ಅದು ಹೈ ಅಲ್ಲವೇ ಅಲ್ಲ.

ಟಿಟಿಎಲ್ ಹಾಕಿದ ಮೇಲೆ ಪೇಲೋಡ್ ಒಳಗೆ ಮತ್ತೆ ಗಡುವು ಯಾಕೆ? ಯಾಕೆಂದರೆ ಪುಶ್ ಸರ್ವೀಸ್‌ಗೆ ಮುಟ್ಟುವ ಮೊದಲೂ, ಅದನ್ನು ಬಿಟ್ಟ ನಂತರವೂ ತಡ ಆಗುವುದುಂಟು. ಲ್ಯಾಪ್‌ಟಾಪ್ ಮುಚ್ಚಿರುತ್ತದೆ, ನಿಮ್ಮದೇ ಸರ್ವರ್‌ನ ಕ್ಯೂ ಕಟ್ಟಿಕೊಂಡಿರುತ್ತದೆ. ಸರ್ವೀಸ್ ವರ್ಕರ್ ಎದ್ದ ಕೂಡಲೇ ಗಡಿಯಾರ ನೋಡಲಿ. ಗಡುವು ದಾಟಿದ್ದರೆ ಸುಮ್ಮನೆ ನುಂಗಿಬಿಡೋಣ ಅನಿಸುತ್ತದೆ, ಆದರೆ ಹಾಗೆ ಮಾಡುವಂತಿಲ್ಲ. ಸಬ್‌ಸ್ಕ್ರಿಪ್ಷನ್ ತೆಗೆದುಕೊಳ್ಳುವಾಗ "ಬಂದ ಪ್ರತಿ ಪುಶ್ಶಿಗೂ ಏನಾದರೂ ತೋರಿಸುತ್ತೇನೆ" ಅಂತ ಮಾತು ಕೊಟ್ಟಿರುತ್ತೀರಿ. ತೋರಿಸದಿದ್ದರೆ ಕ್ರೋಮ್ ತಾನೇ "ಈ ಸೈಟ್ ಹಿನ್ನೆಲೆಯಲ್ಲಿ ಅಪ್‌ಡೇಟ್ ಆಗಿದೆ" ಅನ್ನುವ ಅರ್ಥದ ನೋಟಿಫಿಕೇಶನ್ ಹಾಕಬಹುದು, ಸಫಾರಿ ಸಬ್‌ಸ್ಕ್ರಿಪ್ಷನ್ನನ್ನೇ ಕಿತ್ತುಹಾಕುತ್ತದೆ. ಆದ್ದರಿಂದ ತೋರಿಸಿ, ಆದರೆ ಮಾತು ಬದಲಿಸಿ. ನಮ್ಮದು ಈಗ "ಮುಗಿದ ಮಳೆ ಸೂಚನೆ – ಬುಧವಾರ ಸಂಜೆ 4:10" ಅಂತ, ಸೈಲೆಂಟ್ ಆಗಿ, ಸದ್ದಿಲ್ಲದೆ ಬಂದು ಕೂರುತ್ತದೆ.

7. ಒಂದೇ ವಿಷಯಕ್ಕೆ ಒಂದೇ ಚೀಟಿ

ಮಾರ್ಚ್‌ನಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾದಾಗ ಒಬ್ಬರು ಫೋಟೋ ಹಾಕಿದರೆ ಒಂದು ಗಂಟೆಯಲ್ಲಿ ನಲವತ್ತು ಕಾಮೆಂಟ್ ಬೀಳುತ್ತದೆ. ನಲವತ್ತು ಸಲ ಫೋನ್ ಕೂಗಿದರೆ ಯಾರಿಗೆ ಬೇಕು? ಇಲ್ಲಿ ಎರಡು ಉಪಾಯ ಇವೆ, ಜನ ಇವೆರಡನ್ನೂ ಕಲಸುತ್ತಾರೆ.

ಟಾಪಿಕ್ ಅನ್ನುವುದು ಹೆಡರ್, ಕೆಲಸ ಮಾಡುವುದು ಪುಶ್ ಸರ್ವೀಸ್‌ನಲ್ಲಿ. ಫೋನ್ ಸಿಗದೆ ಕಾಯುತ್ತಿರುವ ಹಳೆಯ ಚೀಟಿಯನ್ನು ಅದೇ ಟಾಪಿಕ್‌ನ ಹೊಸ ಚೀಟಿ ಬದಲಿಸುತ್ತದೆ. ಇದರ ಹೆಸರು 32 ಅಕ್ಷರ ಮೀರಬಾರದು, ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್, ಅಂಡರ್‌ಸ್ಕೋರ್ ಮಾತ್ರ ನಡೆಯುತ್ತದೆ, ಲಕೋಟೆಯ ಮೇಲಿರುವುದರಿಂದ ಯಾರದ್ದೂ ಫೋನ್ ನಂಬರ್, ಹೆಸರು ಹಾಕಬೇಡಿ. ಟ್ಯಾಗ್ ಅನ್ನುವುದು ಪೇಲೋಡ್ ಒಳಗಿನದು, ಕೆಲಸ ಮಾಡುವುದು ಫೋನಿನಲ್ಲಿ. ಪರದೆ ಮೇಲೆ ಆಗಲೇ ಇರುವ ನೋಟಿಫಿಕೇಶನ್ನನ್ನು ಅದೇ ಟ್ಯಾಗ್‌ನ ಹೊಸದು ಬದಲಿಸುತ್ತದೆ. ಎರಡೂ ಬೇಕು. ಬದಲಿಸಿದಾಗ ಮತ್ತೆ ಸದ್ದು ಬರಬೇಕಾದರೆ ರೀನೋಟಿಫೈ ಟ್ರೂ ಮಾಡಬೇಕು. ಟ್ಯಾಗ್ ಇಲ್ಲದೆ ರೀನೋಟಿಫೈ ಕೊಟ್ಟರೆ ಎರರ್ ಬಂದು ಇಡೀ ನೋಟಿಫಿಕೇಶನ್ ಬೀಳುತ್ತದೆ, ಎಚ್ಚರ.

ಚೀಟಿ ಬದಲಾಗುತ್ತದೆ ಅಂದಮೇಲೆ ಒಳಗೆ "ಇನ್ನೂ 1 ಕಾಮೆಂಟ್" ಅಂತ ಬರೆಯುವ ಹಾಗಿಲ್ಲ. ಮಧ್ಯದ ಆರು ದಾರಿಯಲ್ಲೇ ಹೋಗಿರುತ್ತವೆ, ಲೆಕ್ಕ ತಪ್ಪುತ್ತದೆ. ಯಾವಾಗಲೂ ಒಟ್ಟು ಬರೆಯಿರಿ: "ಓದದ 7 ಕಾಮೆಂಟ್". ಎಷ್ಟು ಚೀಟಿ ಕಳೆದರೂ ಕೊನೆಯದೊಂದು ತಲುಪಿದರೆ ಸಾಕು, ಲೆಕ್ಕ ಸರಿಯಿರುತ್ತದೆ.

8. ಫೋನ್ ಕಡೆಯ ಕೋಡ್

ಪೇಲೋಡ್ ಓದುವುದನ್ನು ಟ್ರೈ-ಕ್ಯಾಚ್ ಒಳಗೆ ಇಡಿ. ಓದಲಾಗದಿದ್ದರೆ "ಹೊಸ ಸುದ್ದಿ ಇದೆ" ಅನ್ನುವ ಸಾದಾ ನೋಟಿಫಿಕೇಶನ್ ಹಾಕಿ. ತೋರಿಸುವ ಕೆಲಸವನ್ನು ವೇಟ್‌ಅಂಟಿಲ್ ಒಳಗೆ ಕೊಡಿ, ಇಲ್ಲದಿದ್ದರೆ ಅರ್ಧದಲ್ಲೇ ಬ್ರೌಸರ್ ಸರ್ವೀಸ್ ವರ್ಕರನ್ನು ಮಲಗಿಸಬಹುದು. ಕ್ಲಿಕ್ ಆದಾಗ ಆ್ಯಪ್ ಆಗಲೇ ತೆರೆದಿದ್ದರೆ ಅದೇ ಕಿಟಕಿಗೆ ಹೋಗಿ, ಇಲ್ಲದಿದ್ದರೆ ಮಾತ್ರ ಹೊಸದು ತೆರೆಯಿರಿ. ಬಟನ್ ಇಡುವುದಾದರೆ ಎರಡಕ್ಕಿಂತ ಹೆಚ್ಚು ಬೇಡ, ಸಫಾರಿಯಲ್ಲಿ ಅವು ಕಾಣುವುದೇ ಇಲ್ಲ, ಹಾಗಾಗಿ ಬಟನ್ ಇಲ್ಲದೆಯೂ ಕೆಲಸ ನಡೆಯಬೇಕು. ಐಫೋನ್‌ನಲ್ಲಿ ವೆಬ್ ಪುಶ್ ಬಂದದ್ದು 2023ರ ಮಾರ್ಚ್‌ನಲ್ಲಿ, ಐಒಎಸ್ 16.4ರ ಜೊತೆ. ಅದೂ ಸೈಟನ್ನು ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡವರಿಗೆ ಮಾತ್ರ.

9. ವಾಪಸ್ ಬಂದ ಉತ್ತರ ಓದಿ

201 ಅಂದರೆ ಪುಶ್ ಸರ್ವೀಸ್ ತೆಗೆದುಕೊಂಡಿತು ಅಂತ ಅಷ್ಟೇ, ಫೋನಿಗೆ ಮುಟ್ಟಿತು ಅಂತ ಅಲ್ಲ. 404 ಅಥವಾ 410 ಬಂದರೆ ಆ ಸಬ್‌ಸ್ಕ್ರಿಪ್ಷನ್ ಸತ್ತಿದೆ, ಡೇಟಾಬೇಸ್‌ನಿಂದ ಆಗಲೇ ಅಳಿಸಿ. 429 ಬಂದರೆ ಜೋರು ಕಡಿಮೆ ಮಾಡಿ, ಎಷ್ಟು ಹೊತ್ತು ಕಾಯಬೇಕು ಅಂತ ರಿಟ್ರೈ-ಆಫ್ಟರ್ ಹೆಡರ್ ಹೇಳುತ್ತದೆ. 413 ಬಂದರೆ ಮೂರನೇ ಹೆಜ್ಜೆಗೆ ವಾಪಸ್.

10. ನೆಟ್‌ವರ್ಕ್ ಇಲ್ಲದ ಕಡೆ ಟೆಸ್ಟ್ ಮಾಡಿ

ಆಫೀಸಿನಲ್ಲಿ ಕೂತು ಟೆಸ್ಟ್ ಮಾಡಿದರೆ ಎಲ್ಲವೂ ಒಂದು ಸೆಕೆಂಡಿನಲ್ಲಿ ಬರುತ್ತದೆ, ಏನೂ ತಿಳಿಯುವುದಿಲ್ಲ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಒಂದೇ ಪೋಸ್ಟಿಗೆ ಐದು ಕಾಮೆಂಟ್, ಒಂದು ಮೆಸೇಜ್, ಎರಡು ನಿಮಿಷದ ಟಿಟಿಎಲ್ ಇರುವ ಒಂದು ಮಳೆ ಸೂಚನೆ ಕಳಿಸಿ. ಹೋಗಿ ಒಂದು ಲೋಟ ಕಾಫಿ ಕುಡಿದು ಬಂದು ಮೋಡ್ ತೆಗೆಯಿರಿ. ಕಾಣಬೇಕಾದ್ದು ಎರಡೇ: "ಓದದ 5 ಕಾಮೆಂಟ್" ಒಂದು, ಮೆಸೇಜ್ ಒಂದು. ಮಳೆ ಬಂದಿರಬಾರದು. ಆಮೇಲೆ ಅದೇ ಟೆಸ್ಟನ್ನು ಬೇಕೆಂದೇ ಟಿಟಿಎಲ್ ಜಾಸ್ತಿ ಕೊಟ್ಟು, ಗಡುವು ಕಡಿಮೆ ಇಟ್ಟು ಮಾಡಿ, ಆಗ "ಮುಗಿದ ಮಳೆ ಸೂಚನೆ" ಸದ್ದಿಲ್ಲದೆ ಬರಬೇಕು.

ನಾವು ಈ ಎರಡನೇ ಟೆಸ್ಟನ್ನು ಮಾವನ ತೋಟದಲ್ಲೇ ಮಾಡಿದೆವು, ಅಲ್ಲಿ ಏರ್‌ಪ್ಲೇನ್ ಮೋಡಿನ ಅಗತ್ಯವೇ ಬೀಳಲಿಲ್ಲ. ಫೋನನ್ನು ಕಣದ ಪಕ್ಕ ಇಟ್ಟು ಕಾದು, ಆಮೇಲೆ ಸಿಗ್ನಲ್ ಸಿಗುವ ರಸ್ತೆ ತಿರುವಿಗೆ ನಡೆದುಕೊಂಡು ಹೋದೆವು. ಪರದೆ ಬೆಳಗಿತು, ಸದ್ದಾಗಲಿಲ್ಲ. ಮಾವ ಕನ್ನಡಕ ಏರಿಸಿ ಓದಿ, "ಮುಗಿದಿದ್ದನ್ನ ಯಾಕೆ ಹೇಳ್ತದೆ?" ಅಂದರು. ಸಫಾರಿ, ಕ್ರೋಮ್‌ನ ನಿಯಮ ಬಿಡಿಸಿ ಹೇಳಲು ಶುರು ಮಾಡಿದೆ, ಅಷ್ಟರಲ್ಲಿ ಅವರು ಫೋನ್ ಜೇಬಿಗೆ ಹಾಕಿಕೊಂಡು ಕಣದ ಕಡೆ ಹೊರಟಿದ್ದರು.